ಮನೆ ಮಾರುವಾಗ ಮಕ್ಕಳನ್ನು ಕೇಳಬೇಕೆ?

ಕ್ರಯಪತ್ರದ ಭಾಷೆ ಒಂದು ವಿಚಿತ್ರ ಭಾಷೆ. ಅದನ್ನು ಯಾರೂ ಆಡುವುದಿಲ್ಲ. ಆದರೆ ಮನೆ ಮಾರಿದವರೆಲ್ಲರೂ ಅದರ ಕೆಳಗೆ ರುಜು ಹಾಕಿಯೇ ಹಾಕಿರುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನು ವಿಜಯನಗರದ ಕಾಲದ ದಾನಶಾಸನಗಳಲ್ಲಿ ಕಾಣುತ್ತೇವೆ. ಅವುಗಳಲ್ಲಿ ನಾಲ್ಕಾರು ಇಂದಿಗೂ ನಮ್ಮ ಪತ್ರಬರಹಗಾರರ ಕೈಯಲ್ಲಿ ಬದುಕಿಕೊಂಡಿವೆ. 30–40ರ ನಿವೇಶನದ ಅಡಿಯಲ್ಲಿ ನಿಧಿ ಸಿಕ್ಕೀತೆಂದು ಕೊಳ್ಳುವವನೂ ನಂಬಿಲ್ಲ, ಮಾರುವವನೂ ನಂಬಿಲ್ಲ, ಆದರೂ ಬರೆದಿರಬೇಕು. ಅದಾದಮೇಲೆ, ಕೊಂಡವರು ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ, ಮಾರಿದವನಿಗಾಗಲಿ ಅವನ ವಾರಸುದಾರರಿಗಾಗಲಿ ಇನ್ನು ಮುಂದೆ ಯಾವ ಹಕ್ಕೂ ಇಲ್ಲ, ತಂಟೆ ತಕರಾರು ಮಾಡಕೂಡದು ಎಂಬ ಮಾತು. ಕೊಳ್ಳುವವನ ಮಕ್ಕಳು, ಇನ್ನೂ ಹುಟ್ಟದ ಮೊಮ್ಮಕ್ಕಳು ಸಹ, ಆ ಕಾಗದದೊಳಕ್ಕೆ ಬರುವುದು ಸುಖಪಡುವವರಾಗಿ. ಮಾರುವವನ ಮಕ್ಕಳು ಬರುವುದು ತಕರಾರು ಮಾಡಬಹುದಾದವರಾಗಿ.

ಈ ಭೇದ ನನ್ನ ಕಣ್ಣಿಗೆ ಬಿದ್ದದ್ದು ಕಳೆದ ವರ್ಷ, ಮೈಸೂರಿನ ನಮ್ಮ ಮನೆಯನ್ನು ಮಾರುವ ಸಂದರ್ಭದಲ್ಲಿ. ದೊಡ್ಡ ಮನೆಯೇನಲ್ಲ. ಎರಡು ಮಲಗುವ ಕೋಣೆ, ಒಂದು ನಡುಮನೆ, ಹಿಂದೆ ಒಂದು ದಾಸವಾಳದ ಗಿಡ ಹಿಡಿಯುವಷ್ಟು ನೆಲ. ಬ್ಯಾಂಕಿನ ಸಾಲದಲ್ಲಿ ಕೊಂಡು 9 ವರ್ಷ ಇದ್ದೆವು. ಹೆಂಡತಿಗೆ ಬೆಂಗಳೂರಿಗೆ ವರ್ಗವಾಯಿತು. ಒಂದು ಊರಿನಲ್ಲಿ ಕಂತು, ಇನ್ನೊಂದು ಊರಿನಲ್ಲಿ ಬಾಡಿಗೆ, ನಡುವೆ ವಾರಕ್ಕೊಮ್ಮೆ ರೈಲು, ಹೀಗೆ ಒಂದು ವರ್ಷ ತಳ್ಳಿ, ಕೊನೆಗೆ ಮಾರುವುದೆಂದು ಗಂಡಹೆಂಡತಿ ಕೂತು ನಿಶ್ಚಯಿಸಿದೆವು. ಬಾಡಿಗೆಗೆ ಕೊಟ್ಟು ಉಳಿಸಿಕೊಳ್ಳಲು ಆಗುತ್ತಲೇ ಇರಲಿಲ್ಲವೇ ಎಂದರೆ, ಆಗುತ್ತಿತ್ತು, ಕಷ್ಟಪಟ್ಟರೆ. ಆ ಕಷ್ಟ ಬೇಡವೆಂದು ತೀರ್ಮಾನಿಸಿದವರು ನಾವು. ಆಗ ಮಗಳಿಗೆ 8 ವರ್ಷ, ಮಗನಿಗೆ 4. ಇಬ್ಬರೂ ಆ ಮನೆಯಲ್ಲಿಯೇ ಹುಟ್ಟಿ ಬೆಳೆದವರು.

ಸುದ್ದಿ ತಿಳಿದ ನೆಂಟರಿಷ್ಟರು ಎರಡು ಬಗೆಯ ಮಾತಾಡಿದರು. ಕೆಲವರು, “ಮಕ್ಕಳಿಗೇನು, ಹೋದ ಕಡೆ ಹೊಂದ್ಕೊಂಡುಬಿಡ್ತವೆ” ಎಂದರು. ಮತ್ತೆ ಕೆಲವರು, “ಎಲ್ಲಾ ಮಕ್ಕಳಿಗೋಸ್ಕರ ತಾನೇ ಮಾಡೋದು” ಎಂದರು. ಒಂದರಲ್ಲಿ ಮಕ್ಕಳು ಲೆಕ್ಕಕ್ಕೇ ಇಲ್ಲ. ಇನ್ನೊಂದರಲ್ಲಿ ಲೆಕ್ಕವೆಲ್ಲ ಅವರ ಹೆಸರಿನಲ್ಲಿಯೇ. ಎರಡೂ ಸಮಾಧಾನದ ಮಾತುಗಳೇ. ಆದರೆ ಸಮಾಧಾನ ಯಾರಿಗೆ ಎಂದು ನೋಡಿದರೆ, ಎರಡೂ ದೊಡ್ಡವರಿಗೆ.

ಈ ಪ್ರಶ್ನೆ ನಮಗೆ ಹೊಸದಿರಬಹುದು. ನಮ್ಮ ನಾಡಿಗೆ ಹೊಸದಲ್ಲ. ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಮೇಲಲ್ಲ, ತಾನು ಹುಟ್ಟಿದ ಗಳಿಗೆಯಲ್ಲಿಯೇ ಎಂದು ಅವನು ವಾದಿಸಿದ. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಇದನ್ನು ಒಪ್ಪಲಿಲ್ಲ, ತಂದೆಯ ಸ್ವಾಮ್ಯ ಮುಗಿಯದೆ ಮಗನ ಸ್ವಾಮ್ಯ ಮೊದಲಾಗದು ಎಂಬುದು ಅವನ ಪಕ್ಷ. ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗ ಕಲ್ಯಾಣದ ಪಂಡಿತನ ಮಾತನ್ನೇ ಹಿಡಿಯಿತು. ತೊಟ್ಟಿಲಲ್ಲಿರುವ ಕೂಸನ್ನು ಮನೆಯ ಪಾಲುದಾರನೆಂದು ಎಣಿಸಿದ ನ್ಯಾಯ ಅದು. ಮಗಳನ್ನು ಎಣಿಸಲಿಲ್ಲ, ಅದಕ್ಕೆ ಕರ್ನಾಟಕದಲ್ಲಿ 1994ರವರೆಗೆ, ದೇಶಕ್ಕೆಲ್ಲ 2005ರವರೆಗೆ ಕಾಯಬೇಕಾಯಿತು.

ವಿಜ್ಞಾನೇಶ್ವರ ಅಲ್ಲಿಗೆ ನಿಲ್ಲುವುದಿಲ್ಲ. ತಾನೇ ಸಂಪಾದಿಸಿದ ಮನೆ ಹೊಲಗಳನ್ನು ಕೂಡ ಮಕ್ಕಳೆಲ್ಲರನ್ನೂ ಸೇರಿಸಿ ಕೂರಿಸದೆ ತಂದೆ ಮಾರಬಾರದೆಂಬ ಹಳೆಯ ಸ್ಮೃತಿವಾಕ್ಯವನ್ನು ಅವನು ಎತ್ತಿ ಹೇಳುತ್ತಾನೆ. ಗರ್ಭದಲ್ಲಿರುವ ಮಗುವಿಗೂ ಬದುಕಲು ಒಂದು ನೆಲೆ ಬೇಕೆಂಬುದು ಅಲ್ಲಿನ ಕಾರಣ. ಹಾಗಾದರೆ ಒಪ್ಪಿಗೆ ಕೊಡಲಾರದ ಎಳೆಯ ಮಕ್ಕಳಿದ್ದರೆ ಏನು ಮಾಡಬೇಕು? ಅದನ್ನೂ ಅವನು ಯೋಚಿಸಿದ್ದಾನೆ. ಮನೆಗೆಲ್ಲ ಆಪತ್ತು ಬಂದಾಗ, ಸಂಸಾರದ ಪೋಷಣೆಗೆ, ತಪ್ಪಿಸಿಕೊಳ್ಳಲಾಗದ ಧರ್ಮಕಾರ್ಯಕ್ಕೆ, ಶಕ್ತನಾದ ಒಬ್ಬನೇ ಮಾರಬಹುದು. ಅಂದರೆ, ಒಪ್ಪಿಗೆ ಕೇಳಲಾಗದ ಕಡೆ ಕಾರಣವನ್ನು ಕೇಳಬೇಕು. ಮಗು ಚಿಕ್ಕದಾದಷ್ಟೂ ಮಾರುವವನ ಕಾರಣ ಗಟ್ಟಿಯಾಗಿರಬೇಕು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಮುಂದೆ ಇಂಗ್ಲಿಷರ ನ್ಯಾಯಾಲಯಗಳು ಬಂದವು. ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರಾದ ದಾಯಪ್ರಕರಣವನ್ನೂ ದಾಯಭಾಗವನ್ನೂ ಇಂಗ್ಲಿಷಿಗೆ ತಂದಿದ್ದ. ನ್ಯಾಯಾಧೀಶರು ಅದನ್ನು ಮುಂದಿಟ್ಟುಕೊಂಡು ತೀರ್ಪು ಬರೆದರು. 1898ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲು, ಸ್ವಯಾರ್ಜಿತ ಸ್ಥಿರಾಸ್ತಿಯ ವಿಷಯದಲ್ಲಿ ಆ ವಾಕ್ಯ ಕಾನೂನಲ್ಲ, ಬರಿಯ ನೀತಿಬೋಧೆ ಎಂದು ಹೇಳಿಬಿಟ್ಟಿತು. ತಾನು ಸಂಪಾದಿಸಿದ್ದನ್ನು ತಂದೆ ತನ್ನಿಚ್ಛೆಯಂತೆ ಮಾರಬಹುದು. ಯಾರನ್ನೂ ಸೇರಿಸಿ ಕೂರಿಸಬೇಕಾಗಿಲ್ಲ. ವ್ಯವಹಾರದ ದೃಷ್ಟಿಯಿಂದ ಇದು ಸರಿಯಾದ ತೀರ್ಪೇ ಇರಬಹುದು. ಆದರೆ ನೀತಿಬೋಧೆ ಎಂದೊಡನೆ ಅದು ರದ್ದಾಯಿತೆಂದು ನಾವು ತಿಳಿಯುವುದೇಕೆ? ಕಾನೂನು ತನ್ನ ಕೈಯಿಂದ ಕೆಳಗಿಟ್ಟದ್ದನ್ನು ಬೇರೆ ಯಾರಾದರೂ ಎತ್ತಿಕೊಳ್ಳಬೇಕಷ್ಟೆ. ಪೊಲೀಸರಿಗೆ ಸಂಬಂಧವಿಲ್ಲದ ಸಂಗತಿಗಳೇ ಸಂಸಾರದಲ್ಲಿ ಹೆಚ್ಚು.

ನನ್ನ ಮನೆ ಪೂರ್ಣವಾಗಿ ಸ್ವಯಾರ್ಜಿತ. ಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಹೀಗಿದ್ದರೂ ಕೊಳ್ಳುವವರ ಪರ ವಕೀಲರು ಮಕ್ಕಳ ಹೆಸರನ್ನೂ ಪತ್ರದಲ್ಲಿ ಸೇರಿಸಬೇಕೆಂದರು. ಅವರ ಭಯ ನಿರಾಧಾರವೇನಲ್ಲ. ಮಗುವಿನ ಆಸ್ತಿಯನ್ನು ಪೋಷಕ ಪರಭಾರೆ ಮಾಡಿದ್ದರೆ, ಅದನ್ನು ಪ್ರಶ್ನಿಸಲು ಆ ಮಗುವಿಗೆ ಹದಿನೆಂಟು ತುಂಬಿದಮೇಲೆ ಮೂರು ವರ್ಷ ಅವಕಾಶವುಂಟು. ಮಗುವಿನ ಸ್ವಂತ ಸ್ವತ್ತನ್ನು ಮಾರಬೇಕಾದರೆ 1956ರ ಕಾಯಿದೆಯ ಪ್ರಕಾರ ತಂದೆ ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ತಂದೆಯೆಂದಮಾತ್ರಕ್ಕೆ ಕಾನೂನು ನಂಬುವುದಿಲ್ಲ. ನಮ್ಮದು ಆ ಜಾತಿಯದಲ್ಲವೆಂದು ನಾನು ಹೇಳಿನೋಡಿದೆ. “ಇರಲಿ ಸ್ವಾಮಿ, ನಾಳೆ ದೊಡ್ಡೋರಾಗಿ ಬಂದು ಕೇಳಿದ್ರೆ?” ಎಂದರು ವಕೀಲರು. ಹೆಸರಿಲ್ಲದಿದ್ದರೆ ಕೊಳ್ಳುವವರಿಗೆ ಬ್ಯಾಂಕು ಸಾಲ ಕೊಡುವಂತಿರಲಿಲ್ಲ. ಆದ್ದರಿಂದ ಕರಡಿನಲ್ಲಿ, ಮೈನರ್ ಮಕ್ಕಳಿಬ್ಬರ ಪರವಾಗಿ ಅವರ ತಂದೆಯಾದ ನಾನು ಈ ಕ್ರಯಕ್ಕೆ ಪೂರ್ಣ ಸಮ್ಮತಿ ನೀಡಿರುತ್ತೇನೆ ಎಂದು ಬಂತು. ಮಾರುವವನೂ ನಾನೇ, ಒಪ್ಪುವವನೂ ನಾನೇ. ಎಡಗೈ ಬಲಗೈಗೆ ಪರವಾನಗಿ ಬರೆದುಕೊಟ್ಟ ಹಾಗೆ.

ಕರಡು ಊಟದ ಮೇಜಿನ ಮೇಲಿತ್ತು. ನನ್ನ ಮಗಳಿಗೆ ಆಗ ಓದುವ ಹುಚ್ಚು. ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ ಯಾವುದನ್ನೂ ಬಿಡುವವಳಲ್ಲ. ತಟ್ಟೆ ಬದಿಗೆ ಸರಿಸಿ, ಬೆರಳಿಟ್ಟು ಓದತೊಡಗಿದಳು.

“ಅಪ್ಪ, ಇದ್ರಲ್ಲಿ ನಮ್ಮ ಹೆಸರು ಯಾಕಿದೆ?”

“ನೀವೂ ಮನೆಯವರೇ ಅಲ್ವಾ, ಅದಕ್ಕೆ.”

“ಸಮ್ಮತಿ ಅಂದ್ರೇನು?”

“ಒಪ್ಪಿಗೆ.”

ಅವಳು ಮತ್ತೊಮ್ಮೆ ಆ ಸಾಲನ್ನು ಓದಿದಳು. “ನಾನು ಒಪ್ಪಿದೀನಿ ಅಂತ ನೀನು ಬರೆಸಿದೀಯ. ನನ್ನನ್ನ ಯಾರು ಕೇಳಿದ್ರು?”

ಮನೆ ಮಾರುವ ವಿಷಯ ಮಕ್ಕಳಿಗೆ ಗೊತ್ತಿಲ್ಲದ್ದಲ್ಲ. ದಲ್ಲಾಳಿ ಬಾಗಿಲು ತಟ್ಟುವ ಮೊದಲೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದೆವು. ಆದರೆ ಅವಳು ಅಂದದ್ದು ನಿಜ. ಹೇಳಿದ್ದೆವು, ಕೇಳಿರಲಿಲ್ಲ. “ಕೇಳಿದ್ರೆ ಬೇಡ ಅಂತಿದ್ದೆ ಅಲ್ವಾ?” ಎಂದೆ. “ಹೂಂ” ಎಂದಳು. “ಬೇಡ ಅಂದಿದ್ರೂ ಮಾರ್ಬೇಕಾಗಿತ್ತು, ಕಂದ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಒಪ್ಪಿದೀನಿ ಅಂತ ಯಾಕೆ ಬರಿಯೋದು?” ಎಂದಳು. ಕಾನೂನು ಹದಿನೆಂಟರವರೆಗೆ ಮುಂದೂಡಿದ್ದ ಪ್ರಶ್ನೆಯನ್ನು ಅವಳು ಎಂಟಕ್ಕೇ ಕೇಳಿದಳು. ವಕೀಲರ ಭಯವನ್ನೂ ಬ್ಯಾಂಕಿನ ನಿಯಮವನ್ನೂ ನಾನು ತಿಳಿಯುವ ಹಾಗೆ ವಿವರಿಸಿದೆ. ತಿಳಿಯಿತು. ಸರಿಯೆನ್ನಿಸಲಿಲ್ಲ. ನನಗೂ ಅನ್ನಿಸಿರಲಿಲ್ಲ.

ಆಮೇಲೆ ಅವಳ ಆ ಮಾತನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೆ. ಕನ್ನಡದಲ್ಲಿ ‘ಕೇಳು’ ಎಂಬುದಕ್ಕೆ ಎರಡು ಅರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ದಿನಬಳಕೆಯಲ್ಲಿ ಗೊಂದಲವಾಗುವುದಿಲ್ಲ, ಆದರೆ ಮಕ್ಕಳ ವಿಷಯದಲ್ಲಿ ಈ ಎರಡನ್ನೂ ಬಿಡಿಸಿ ನೋಡಬೇಕಾಗುತ್ತದೆ. ಮಾರಲೇ ಬೇಡವೇ ಎಂದು ಎಂಟು ವರ್ಷದವಳನ್ನು ಕೇಳಿ, ಅವಳು ಬೇಡವೆಂದಮೇಲೆ ಮಾರಿದರೆ ಅದು ವಂಚನೆ. ಕೇಳುವ ಶಾಸ್ತ್ರ ಮಾಡಿ, ಹೊಸ ಸೈಕಲ್ಲು ಕೊಡಿಸುತ್ತೇನೆಂದು ಆಸೆ ತೋರಿಸಿ ಹೂಂ ಎನ್ನಿಸಿದರೆ ಅದು ಇನ್ನೂ ಕೀಳು. ಕ್ರಯಪತ್ರದ ಸುಳ್ಳಾದರೂ ಕಾಗದದ ಮೇಲಿರುತ್ತದೆ, ಇದು ಮಗುವಿನ ಬಾಯಲ್ಲಿಯೇ ಹೊರಡುತ್ತದೆ. ಆ ಅರ್ಥದಲ್ಲಿ ಅವಳನ್ನು ನಾವು ಕೇಳುವಂತಿರಲಿಲ್ಲ. ಎರಡನೆಯ ಅರ್ಥದಲ್ಲಿ ಕೇಳದಿರಲು ಮಾತ್ರ ಯಾವ ಕಾರಣವೂ ಇರಲಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದರ ಹನ್ನೆರಡನೆಯ ವಿಧಿ ಹೇಳುವುದೂ ಇಷ್ಟೇ: ತನಗೆ ತಟ್ಟುವ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು. ತೀರ್ಮಾನ ಮಗುವಿನದೆಂದು ಅದು ಹೇಳುವುದಿಲ್ಲ. ಮಕ್ಕಳನ್ನು ಸೇರಿಸಿ ಕೂರಿಸುವುದೆಂದರೆ ಪ್ರಾಯಶಃ ಇದೇ ಇರಬೇಕು.

‘ಹೊಂದಿಕೊಳ್ಳುತ್ತವೆ’ ಎಂಬ ಮಾತಿಗೆ ಬರೋಣ. ಅದು ಸುಳ್ಳಲ್ಲ, ನಿಜವಾದ್ದರಿಂದಲೇ ಅಪಾಯಕರ. ನನ್ನ 42 ವರ್ಷದ ಆಯುಷ್ಯದಲ್ಲಿ ಆ ಮನೆಯದು 9 ವರ್ಷ, ಐದರಲ್ಲಿ ಒಂದು ಪಾಲು. ಮಕ್ಕಳಿಗಾದರೋ ಇಡೀ ಆಯುಷ್ಯ. ದೊಡ್ಡವರಿಗೆ ಮನೆ ಬದಲಾಗುತ್ತದೆ. ಅವರಿಗೆ ಲೋಕವೇ ಬದಲಾಗುತ್ತದೆ. ಆದರೆ ಮೂರು ನಾಲ್ಕು ವರ್ಷಕ್ಕೆ ಹಿಂದಿನದು ದೊಡ್ಡವರಾದಮೇಲೆ ಹೆಚ್ಚಾಗಿ ನೆನಪಿರುವುದಿಲ್ಲ. ನಮ್ಮಲ್ಲಿ ಯಾರು ಬೇಕಾದರೂ ತಮ್ಮನ್ನೇ ಪರೀಕ್ಷಿಸಿಕೊಳ್ಳಬಹುದು. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಏರ್ಪಟ್ಟಿತು. ಹೆಚ್ಚು ಅತ್ತವನು ಮಗ. ಅವನಿಗೆ ಆ ಮನೆಯ ನೆನಪು ಉಳಿಯುವುದು ಕಷ್ಟ. ಅಳದೆ ಇದ್ದವಳು ಮಗಳು. ಅವಳಿಗೆ ಎಲ್ಲವೂ ಉಳಿಯುತ್ತದೆ. ಇಬ್ಬರಲ್ಲಿ ಯಾರಿಗೆ ನಾವು ಹೆಚ್ಚು ಬಾಧ್ಯರು?

ಮರೆಯುವವನ ದುಃಖಕ್ಕೆ ಬೆಲೆ ಕಡಿಮೆ ಎಂದು ಮೇಲುನೋಟಕ್ಕೆ ತೋರುತ್ತದೆ. ಆ ತರ್ಕವನ್ನು ಸ್ವಲ್ಪ ಮುಂದಕ್ಕೆ ಎಳೆದರೆ, ಎಳೆಯ ಮಕ್ಕಳಿಗೆ ಏನು ಮಾಡಿದರೂ ನಡೆದೀತು ಎಂಬಲ್ಲಿಗೆ ಬಂದು ನಿಲ್ಲುತ್ತದೆ, ಹೇಗೂ ಮರೆಯುತ್ತಾರಲ್ಲ! ಜ್ವರ ಬಂದ ಕೂಸಿನ ಹಣೆಗೆ ಒದ್ದೆಬಟ್ಟೆ ಹಾಕುವ ತಾಯಿ, ಇದನ್ನು ಇದು ನೆನಪಿಟ್ಟುಕೊಂಡೀತೆ ಎಂದು ಲೆಕ್ಕ ಹಾಕುತ್ತಾಳೆಯೆ? ನಾಲ್ಕು ವರ್ಷದವನು ಮೂರನೆಯ ಮೆಟ್ಟಿಲ ಮೇಲೆ ಕೂತು, “ಈ ಮೆಟ್ಲೂ ಕೊಟ್ಬಿಡ್ತೀವಾ?” ಎಂದು ಬಿಕ್ಕುವಾಗ ಅವನಿಗಿರುವುದು ಆ ಹೊತ್ತು ಮಾತ್ರ. ಅದರಲ್ಲಿಯೇ ಅವನಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಅಂದು ಹೆಂಡತಿ ಅಡಿಗೆ ಬಿಟ್ಟು ಬಂದು ಅವನ ಪಕ್ಕದಲ್ಲಿ ಅರ್ಧ ಗಂಟೆ ಕೂತಳು. ಮೆಟ್ಟಿಲನ್ನೂ ಕೊಡುತ್ತೇವೆ ಎಂದೇ ಹೇಳಿದಳು, ಸುಳ್ಳು ಹೇಳಲಿಲ್ಲ.

ಸುಳ್ಳು ಎಂದೊಡನೆ ದಲ್ಲಾಳಿಯ ನೆನಪು ಬರುತ್ತದೆ. ಆತ ಒಳ್ಳೆಯ ಮನುಷ್ಯ, ಕಸುಬು ಬಲ್ಲವನು. ನೋಡಲು ಬರುವವರಿದ್ದಾಗ ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ, ಆಟದ ಸಾಮಾನು ಮೂಟೆ ಕಟ್ಟಿಡಿ, ಗೋಡೆಯ ಗೀಚಿಗೆಲ್ಲ ಸುಣ್ಣಬಣ್ಣ ಹೊಡೆಸಿ ಎಂದ. ಯಾರೂ ವಾಸವಾಗಿಲ್ಲವೆಂಬಂತೆ ಕಾಣುವ ಮನೆಗೆ ಹೆಚ್ಚು ಬೆಲೆ. ಗೋಡೆಗೆ ಬಣ್ಣ ಹೊಡೆಸಿದೆವು. ಮಕ್ಕಳನ್ನು ಕಳಿಸಲಿಲ್ಲ; ತಮ್ಮ ಮನೆಯಿಂದ ಭಾನುವಾರ ಭಾನುವಾರ ಅವರನ್ನು ಎಬ್ಬಿಸಿ ಓಡಿಸುವುದು ಸರಿಕಾಣಲಿಲ್ಲ. ಅದರ ಫಲವನ್ನೂ ಉಂಡೆವು. ಒಂದು ಬೆಳಗ್ಗೆ ಬಂದ ದಂಪತಿಗಳಿಗೆ ಮಗ ತಾನೇ ಮುಂದಾಗಿ ಮನೆ ತೋರಿಸತೊಡಗಿದ. ಇದು ನಮ್ಮ ದೇವರು, ಇದು ನಮ್ಮ ಹಲ್ಲಿ, ಎಂದೆಲ್ಲ ಆದಮೇಲೆ ಮಲಗುವ ಕೋಣೆಯ ಮೂಲೆಗೆ ಕರೆದುಕೊಂಡುಹೋಗಿ, “ಮಳೆ ಬಂದ್ರೆ ಇಲ್ಲಿ ಬಕೆಟ್ ಇಡ್ತೀವಿ” ಎಂದ.

ದಲ್ಲಾಳಿ ನನ್ನ ಮುಖ ನೋಡಿದ. ಮಗು ಏನೋ ಹೇಳುತ್ತದೆ ಎಂದು ನಕ್ಕುಬಿಡಲು ಅದು ತಕ್ಕ ಸಮಯ. ಬೇಸಗೆ, ಚಾವಣಿಯಲ್ಲಿ ಕಲೆಯೂ ಇರಲಿಲ್ಲ, ಹೊಸ ಬಣ್ಣ ಬಿದ್ದಿತ್ತು. ಬೆಲೆಯ ಮಾತು ಬಂದಾಗ ನಾನೇ ತಿಳಿಸಬೇಕೆಂದಿದ್ದ ಸಂಗತಿಯನ್ನು ಅವನು ಮೊದಲೇ ತಿಳಿಸಿದ್ದ. “ಹೌದು, ಜೋರು ಮಳೆಯಲ್ಲಿ ಅಲ್ಲಿ ತೊಟ್ಟಿಕ್ಕುತ್ತೆ” ಎಂದೆ. ಸಾಧಾರಣ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ಕಾಣದ, ಮಾರುವವನಿಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನು ತಿಳಿಸತಕ್ಕದ್ದೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ ಐವತ್ತೈದನೆಯ ಪ್ರಕರಣ ವಿಧಿಸುತ್ತದೆ. ಓದುಬರಹ ಬಾರದ ನಮ್ಮ ಹುಡುಗ ಅದನ್ನು ಅಕ್ಷರಶಃ ಪಾಲಿಸಿದ್ದ. ಬೆಲೆಯಲ್ಲಿ 40 ಸಾವಿರ ರೂಪಾಯಿ ಇಳಿಯಿತು. ಕೊನೆಗೆ ಮನೆ ಕೊಂಡವರೂ ಅವರೇ.

ಮನೆ ಮಾರುವುದು ಮಕ್ಕಳು ದೊಡ್ಡವರನ್ನು ಬಹಳ ಹತ್ತಿರದಿಂದ ನೋಡುವ ಕಾಲ. ಹಣಕ್ಕಾಗಿ ಅಪ್ಪ ಅಮ್ಮ ಏನು ಮಾತಾಡುತ್ತಾರೆ, ಫೋನಿನಲ್ಲಿ ಒಂದು ಬೆಲೆ, ಎದುರಿಗೆ ಒಂದು ಬೆಲೆ ಹೇಗೆ ಹೇಳುತ್ತಾರೆ, ಎಲ್ಲವನ್ನೂ ಅವರು ಕೂತು ನೋಡುತ್ತಾರೆ. ಅವನನ್ನು ಅಂದು ಗದರಿದ್ದರೆ 40 ಸಾವಿರ ಉಳಿಯುತ್ತಿತ್ತೋ ಏನೋ. ಆ ಹಣದಲ್ಲಿ ಅವನಿಗೆ ಒಳ್ಳೆಯ ಶಾಲೆಯ ಒಂದಿಷ್ಟು ಶುಲ್ಕ ಕಟ್ಟಬಹುದಿತ್ತು.

ಇಷ್ಟು ಬರೆಯುವಾಗ ಒಂದು ಆಕ್ಷೇಪ ನನ್ನೊಳಗಿನಿಂದಲೇ ಏಳುತ್ತದೆ. ಇದೆಲ್ಲ ಸ್ವಂತ ಮನೆಯವರ ಕೊರಗಲ್ಲವೆ? ನನ್ನ ತಂದೆ ಸರ್ಕಾರಿ ಗುಮಾಸ್ತರು. ಹತ್ತನೆಯ ತರಗತಿ ಮುಗಿಯುವುದರೊಳಗೆ ನಾನು ಆರು ಬಾಡಿಗೆ ಮನೆ ಕಂಡೆ. ಯಾರೂ ನನ್ನನ್ನು ಸೇರಿಸಿ ಕೂರಿಸಲಿಲ್ಲ. ಹಾಸಿಗೆ ಸುತ್ತಿದಾಗಲೇ ಹೊರಡುತ್ತೇವೆಂದು ತಿಳಿಯುತ್ತಿದ್ದುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಾಗ ಶರಾವತಿಯ ಹಿನ್ನೀರಿನಲ್ಲಿ ಊರೂರೇ ಮುಳುಗಿದವು. ಅಲ್ಲಿನ ಮಕ್ಕಳನ್ನಿರಲಿ, ದೊಡ್ಡವರನ್ನೂ ಯಾರೂ ಕೇಳಿದಂತಿಲ್ಲ. ಅವರ ಮುಂದೆ ನಮ್ಮ ಮೆಟ್ಟಿಲು, ದಾಸವಾಳ ಯಾವ ಲೆಕ್ಕ? ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದು ವ್ಯತ್ಯಾಸವುಂಟು. ನನ್ನ ತಂದೆಯನ್ನು ಎಬ್ಬಿಸಿದ್ದು ಸರ್ಕಾರದ ವರ್ಗದ ಆಜ್ಞೆ, ಇಲ್ಲವೆ ಮನೆಯೊಡೆಯನ ಮಾತು. ಅವರೂ ನಮ್ಮ ಜೊತೆಗೇ ಏಳುವವರಾಗಿದ್ದರು. ಅವರ ಮೇಲೆ ನಮಗೆ ಸಿಟ್ಟು ಬರುವಂತಿರಲಿಲ್ಲ. ಮನೆ ಮಾರುವ ತಂದೆ ಹಾಗಲ್ಲ. ಮಕ್ಕಳ ಪಾಲಿಗೆ ಅವನೇ ಮನೆಯೊಡೆಯ, ಅವನೇ ಸರ್ಕಾರ. ಆಯ್ಕೆ ಇದ್ದವನಿಗೆ ಉತ್ತರ ಹೇಳುವ ಹೊಣೆಯೂ ಇರುತ್ತದೆ.

ಆ ಉತ್ತರದಲ್ಲಿ ‘ನಿಮಗೋಸ್ಕರ’ ಎಂಬ ಮಾತು ಬರಬಾರದೆಂದು ಹಟ ಹಿಡಿದವಳು ನನ್ನ ಹೆಂಡತಿ. “ಮಕ್ಕಳ ಹೆಸರು ಹೇಳ್ಬೇಡಿ ರೀ. ನನ್ನ ಕೆಲಸಕ್ಕೆ, ನಮ್ಮ ಸಾಲಕ್ಕೆ, ನಮ್ಮಿಬ್ಬರ ಆಯಾಸಕ್ಕೆ ಮಾರ್ತಿದೀವಿ. ಅಷ್ಟನ್ನೇ ಹೇಳಿ” ಎಂದಳು. ಮೊದಲು ನನಗೆ ಇದು ಒರಟೆನ್ನಿಸಿತು. ಬೆಂಗಳೂರಿನಲ್ಲಿ ಒಳ್ಳೆಯ ಶಾಲೆ ಸಿಗುವುದು ಸುಳ್ಳೇನಲ್ಲವಲ್ಲ! ಆದರೆ ವಿಚಾರ ಮಾಡಿದಷ್ಟೂ ಅವಳ ಮಾತೇ ನಿಂತಿತು. ‘ನಿನಗೋಸ್ಕರ ಮನೆ ಮಾರಿದೆವು’ ಎಂದರೆ ಮಗುವಿನ ತಲೆಯ ಮೇಲೆ ಒಂದು ಸಾಲಪತ್ರ ಬರೆದಂತೆ. ಕೇಳದ ಸಾಲ; ಯಾವ ಕಂತಿಗೂ ತೀರದು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ದಿನ ಅದು ಹೊರಗೆ ಬರುತ್ತದೆ, ಮದುವೆಯ ವಿಷಯದಲ್ಲಿ ಎದುರು ಮಾತಾಡಿದ ದಿನ ಹೊರಗೆ ಬರುತ್ತದೆ. ಎಷ್ಟು ಮನೆಗಳಲ್ಲಿ ಅದರ ಬಡ್ಡಿಯನ್ನು ನಲವತ್ತು ದಾಟಿದ ಮಕ್ಕಳು ಇಂದಿಗೂ ಕಟ್ಟುತ್ತಿಲ್ಲ! ಒಪ್ಪಿಗೆ ಸಿಗದ ಕಡೆ ಕಾರಣ ಗಟ್ಟಿಯಿರಬೇಕೆಂದು ಆ ಹಳೆಯ ಪಂಡಿತ ಹೇಳಿದ. ಗಟ್ಟಿಯಿರುವುದರ ಜೊತೆಗೆ ಅದು ನಮ್ಮದೂ ಆಗಿರಬೇಕು.

ಇನ್ನು, ಕಿವಿಗೊಟ್ಟು ಕೇಳಿದ್ದರಿಂದ ಬದಲಾದದ್ದೇನು? ಬಹಳವಿಲ್ಲ. ಶಾಲೆ ಮುಗಿಯುವ ಮೊದಲು ಹೊರಡುವುದು ಬೇಡವೆಂದು ಮಗಳು ಹೇಳಿದಳು. ಸ್ವಾಧೀನ ಕೊಡುವ ದಿನವನ್ನು ಫೆಬ್ರವರಿಯಿಂದ ಮೇ ತಿಂಗಳಿಗೆ ಮುಂದಕ್ಕೆ ಹಾಕಿಸಲು ಕೊಳ್ಳುವವರ ಹತ್ತಿರ ಎರಡು ಸಲ ಹೋಗಿ ಬೇಡಿಕೊಂಡೆ. ಅವರಿಗಾದ ಬಾಡಿಗೆಯ ನಷ್ಟವನ್ನು ಬೆಲೆಯಲ್ಲಿ ವಜಾ ಮಾಡಿಕೊಂಡೆವು. ದಾಸವಾಳದ ಒಂದು ಕೊಂಬೆಯನ್ನು ಕತ್ತರಿಸಿ ಕುಂಡದಲ್ಲಿ ಊರಿ ತಂದೆವು. ಬೆಂಗಳೂರಿಗೆ ಬಂದು ಒಣಗಿತು. ಮೆಟ್ಟಿಲನ್ನು ತರಲಾಗಲಿಲ್ಲ. ಕ್ರಯಪತ್ರದಲ್ಲಿ ‘ಪೂರ್ಣ ಸಮ್ಮತಿ’ ಎಂಬ ಪದ ಇದ್ದ ಹಾಗೆಯೇ ಉಳಿಯಿತು. ಉಪನೋಂದಣಾಧಿಕಾರಿಗಳ ಮುಂದೆ ನಾನು ಅದಕ್ಕೆ ರುಜು ಹಾಕಿದೆ. ಆ ದಿನ ಸಂಜೆ ಮಗಳಿಗೆ ಹಾಗೆಂದು ಹೇಳಿದೆ. “ಗೊತ್ತು” ಎಂದಳು.

ಬೆಂಗಳೂರಿನ ಬಾಡಿಗೆಯ ಮನೆಗೆ ಬಂದು ತಿಂಗಳಾದರೂ ಸಂಜೆಯಾಗುತ್ತಲೇ ಮಗ, “ಮನೆಗೆ ಹೋಗೋಣ” ಎನ್ನುತ್ತಿದ್ದ. “ಇದೇ ಮನೆ ಕಣೋ” ಎಂದು ಅಕ್ಕ ತಿದ್ದುತ್ತಿದ್ದಳು. ಈಗ ಅವನು ಹಾಗೆ ಹೇಳುವುದಿಲ್ಲ. ಮನೆ ಕೊಂಡವರು, ಮಕ್ಕಳು ಯಾವಾಗ ಬೇಕಾದರೂ ಬಂದು ನೋಡಲಿ ಎಂದಿದ್ದಾರೆ. ನಾವು ಈಚೆಗೆ ಎರಡು ಸಲ ಮೈಸೂರಿಗೆ ಹೋಗಿಬಂದರೂ ಆ ಬೀದಿಗೆ ತಿರುಗಲಿಲ್ಲ. ಗಾಯ ಕೆದಕಬೇಡಿ ಎಂದು ನನ್ನ ತಾಯಿ ಹೇಳುತ್ತಾರೆ; ಒಮ್ಮೆ ತೋರಿಸಿಬಿಡುವುದೇ ಒಳ್ಳೆಯದೆಂದು ಹೆಂಡತಿ ಹೇಳುತ್ತಾಳೆ. ಮುಂದಿನ ದಸರೆಗೆ ಹೋಗುವುದಿದೆ. ಆ ಮನೆಗೂ ಹೋಗುವುದೋ ಬೇಡವೋ ಎಂದು ಮಗಳನ್ನು ಕೇಳಿದ್ದೇವೆ. ಅವಳು ಇನ್ನೂ ಹೇಳಿಲ್ಲ.